ಮುದ್ದೆ ವಾಪಸ್ ಬಂತು, ಸೊಪ್ಪು ಎಲ್ಲಿ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಮಗ ನಮ್ಮ ಏರಿಯಾದಲ್ಲಿ ಹೊಸದಾಗಿ ಶುರುವಾದ ಮುದ್ದೆ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಬಾಳೆ ಎಲೆ, ಒಂದು ಮುದ್ದೆ, ಬಸ್ಸಾರು, ಪಲ್ಯ, ಹಪ್ಪಳ. 140 ರೂಪಾಯಿ. ಬಾಗಿಲ ಹತ್ತಿರ ಒಂದು ಬೀಸುಕಲ್ಲನ್ನು ತೊಳೆದು, ಕುಂಕುಮ ಇಟ್ಟು ಅಲಂಕಾರಕ್ಕೆ ಕೂರಿಸಿದ್ದರು. ದುಡ್ಡಿನ ಬಗ್ಗೆ ನನಗೆ ತಕರಾರಿಲ್ಲ, ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಹೋಟೆಲ್ ನಡೆಸುವವರ ಕಷ್ಟ ಅವರಿಗೇ ಗೊತ್ತು. ಮುದ್ದೆಯೂ ಚೆನ್ನಾಗೇ ಇತ್ತು, ಒಂದು ಗಂಟಿರಲಿಲ್ಲ. ನನ್ನ ತಕರಾರು ಪಲ್ಯದ ಮೇಲೆ. ಬಸ್ಸಾರು ಅಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡುವ ಸಾರು, ಬಸಿದಾಗ ಉಳಿದಿದ್ದೇ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಇಲ್ಲಿ ನೋಡಿದರೆ ಎಲೆ ಮೇಲೆ ಎಲೆಕೋಸಿನ ಪಲ್ಯ! ಹಾಗಾದರೆ ಏನನ್ನು ಬೇಯಿಸಿದರು, ಏನನ್ನು ಬಸಿದರು? ಬಡಿಸುವ ಹುಡುಗನನ್ನು ಕೇಳಿದೆ. "ಸೊಪ್ಪು ಹಾಕಿದ್ರೆ ಯಾರೂ ತಿನ್ನಲ್ಲ ಮೇಡಂ, ಎಲೇಲೇ ಬಿಟ್ ಹೋಗ್ತಾರೆ" ಅಂದ.

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಈ ಕಾಗದ.

ನಾನು ಹುಟ್ಟಿ ಬೆಳೆದಿದ್ದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಂಡ್ಯ ಜಿಲ್ಲೆ ಅಂದ ತಕ್ಷಣ ಜನ ಕಬ್ಬು, ಗದ್ದೆ ಅಂತ ನೆನೆಸಿಕೊಳ್ಳುತ್ತಾರೆ. ಅದು ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆ ಕಡೆಯ ಕತೆ. ನಮ್ಮದು ಮಳೆ ನಂಬಿಕೊಂಡ ಹೊಲ. ಬೆಳಗ್ಗೆ ತಂಗಳು ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುವುದು, ಮಧ್ಯಾಹ್ನ ಹಿಟ್ಟು, ರಾತ್ರಿ ಹಿಟ್ಟು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೇಳುವುದು. ಎಂಟು ವರ್ಷದ ನನ್ನನ್ನು ಯಾರಾದರೂ ನಿನಗೇನು ಇಷ್ಟ ಅಂತ ಕೇಳಿದ್ದರೆ ಯೋಚನೆಯೇ ಮಾಡದೆ 'ಅನ್ನ' ಅಂತಿದ್ದೆ. ಯುಗಾದಿ, ಗೌರಿ ಹಬ್ಬ, ಹಿರಿಯರ ಹಬ್ಬ, ಆಮೇಲೆ ಯಾರಾದರೂ ನೆಂಟರು ಬಂದ ದಿನ ಮಾತ್ರ ಅಕ್ಕಿ ಬೇಯುತ್ತಿತ್ತು. ಒಬ್ಬಟ್ಟಿಗಿಂತ ಒಬ್ಬಟ್ಟಿನ ಸಾರಿಗೆ ಕಲೆಸಿದ ಆ ಬಿಳಿ ಅನ್ನದ ಮೇಲೇ ನನ್ನ ಕಣ್ಣು.

ನಮ್ಮ ಸೋದರತ್ತೆಯನ್ನು ನಾಲೆ ಕಡೆಗೆ ಕೊಟ್ಟಿದ್ದರು. ಅವಳ ಮನೆಯಲ್ಲಿ ದಿನಾ ಅನ್ನ ಅಂತ ನಮಗೆಲ್ಲ ಹೊಟ್ಟೆಕಿಚ್ಚು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದಿದ್ದೇ ಅನ್ನ ತಿನ್ನೋಕೆ, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತೆ ಮಾತ್ರ ತವರಿಗೆ ಬಂದಳೆಂದರೆ ಚೀಲ ಕೆಳಗಿಡುವ ಮೊದಲೇ "ಅವ್ವಾ, ಉಪ್ಸಾರು ಮಾಡು" ಅಂತ ಅಜ್ಜಿಯ ಹಿಂದೆ ಬೀಳುತ್ತಿದ್ದಳು. ದಿನಾ ಅನ್ನ ಸಿಗುವವಳು ಇಲ್ಲಿಗೆ ಬಂದು ಸೊಪ್ಪಿನ ನೀರು ಕೇಳುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನನಗೂ 55 ಆಗುತ್ತಾ ಬಂತು, ನನ್ನ ತಲೆಯೂ ಹಾಗೇ ಕೆಟ್ಟಿದೆ.

ಆ ಉಪ್ಸಾರಿನ ಸೊಪ್ಪನ್ನು ಯಾರೂ ದುಡ್ಡು ಕೊಟ್ಟು ತಂದಿದ್ದಲ್ಲ. ಅಜ್ಜಿ ರಾಗಿ ಹೊಲಕ್ಕೆ ಕಳೆ ಕೀಳಲು ಹೋದರೆ ವಾಪಸ್ ಬರುವಾಗ ಮಡಿಲ ತುಂಬ ಸೊಪ್ಪು ಇರುತ್ತಿತ್ತು. ಅಣ್ಣೆ, ಗಣಿಕೆ, ಕೀರೆ, ನೆಲಕ್ಕಂಟಿಕೊಂಡು ಹಬ್ಬುವ ಗೋಣಿ ಸೊಪ್ಪು, ಕೆರೆ ಪಕ್ಕದ ತೇವದಲ್ಲಿ ಹೊನಗೊನ್ನೆ. ಎಲ್ಲಾ ಸೇರಿಸಿದರೆ ಬೆರಕೆ ಸೊಪ್ಪು. ಜಗಲಿ ಮೇಲೆ ಕೂತು ಅಜ್ಜಿ ಅದನ್ನು ಬಿಡಿಸುವಾಗ ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಬೇಡದ್ದನ್ನು ಎಮ್ಮೆ ಕಡೆ ಎಸೆಯುತ್ತಿದ್ದಳು. ಅಷ್ಟು ಬೇಗ ಅದು ಹೇಗೆ ಗುರುತು ಸಿಗುತ್ತಿತ್ತೋ. ಸೊಪ್ಪು ಬೇಯುವ ಹೊತ್ತಿಗೆ ಅವ್ವ ಒಣಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಹಾಕಿ ಖಾರ ಅರೆಯುತ್ತಿದ್ದಳು. ಘಾಟಿಗೆ ಮನೆಮಂದಿಯೆಲ್ಲಾ ಸೀನುತ್ತಿದ್ದೆವು. ತಟ್ಟೆಯಲ್ಲಿ ಮುದ್ದೆ, ಅದರ ಸುತ್ತ ತೆಳ್ಳಗಿನ ಕಟ್ಟು, ಅಂಚಿನಲ್ಲಿ ಗೋಲಿಯಷ್ಟು ಖಾರ. ಎಷ್ಟು ಖಾರ ಕದಡಿಕೊಳ್ಳಬೇಕು ಅನ್ನುವುದು ಅವರವರ ಧೈರ್ಯ. ನಾನು ಪಲ್ಯವನ್ನು ತಟ್ಟೆಯ ಕೆಳಗೆ ಬಚ್ಚಿಟ್ಟು ಏಳುತ್ತಿದ್ದೆ, ಅಣ್ಣೆ ಸೊಪ್ಪು ಅಂದರೆ ಅಷ್ಟು ಕಂಡರಾಗುತ್ತಿರಲಿಲ್ಲ. ಆ ಹೋಟೆಲಲ್ಲಿ ಎಲೆಯಲ್ಲೇ ಸೊಪ್ಪು ಬಿಟ್ಟು ಹೋಗುವವರನ್ನು ಬೈಯುವ ಯೋಗ್ಯತೆ ನನಗಿಲ್ಲ ಬಿಡಿ.

ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಅಂತ ಬಿಟ್ಟು ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತಿದ್ದರು. ಹಿಟ್ಟಿನ ಜೊತೆಗೆ ಸಾರಿನ ಕಾಳು, ಒಗ್ಗರಣೆ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು, ಎಲ್ಲ ಅದೇ ಹೊಲದಿಂದ. ಅಪ್ಪ ಇಂಡಾಫ್ ರಾಗಿ ಬಿತ್ತುತ್ತಿದ್ದರು. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ತಳಿಗಳನ್ನು ಕೊಟ್ಟವರು ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು. ನಮ್ಮಂಥ ಸಾವಿರಾರು ಮನೆಗಳ ವಾಡೆ, ಅಂದರೆ ಕಾಳು ತುಂಬಿಡುವ ಮಣ್ಣಿನ ಗುಡಾಣ, ತುಂಬಿಸಿದ ಮನುಷ್ಯ, ಇವತ್ತಿನ ಮುದ್ದೆ ಹೋಟೆಲುಗಳ ಗೋಡೆ ಮೇಲೆ ಅವರದೊಂದು ಫೋಟೊ ಇದ್ದರೆ ಏನು ಕಳೆದುಹೋಗುತ್ತಿತ್ತು ಅನ್ನಿಸುತ್ತದೆ ನನಗೆ.

ಆಮೇಲಿನದ್ದು ಎಲ್ಲರ ಮನೆಯ ಕತೆಯೇ. ಹೈಸ್ಕೂಲಿಗೆ ಪೇಟೆಗೆ ಬಂದೆ, ಹಾಸ್ಟೆಲಲ್ಲಿ ಎರಡು ಹೊತ್ತೂ ಅನ್ನ ಸಿಕ್ಕಿತು, ಒಂದೇ ವರ್ಷದಲ್ಲಿ ಸಾಕಾಯಿತು, ಆದರೂ ಹೇಳಿಕೊಳ್ಳಲು ನಾಚಿಕೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಇಡ್ಲಿ, ದೋಸೆ, ಚಪಾತಿ, ಬ್ರೆಡ್ಡು. ಅಪರೂಪಕ್ಕೆ ಮುದ್ದೆ ಮಾಡಿದ ದಿನ ಯಾರಾದರೂ ಬೆಲ್ ಒತ್ತಿದರೆ ಪಾತ್ರೆ ಮುಚ್ಚಿ ಒಳಗಿಡುತ್ತಿದ್ದೆ. ಇದನ್ನು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತೆ. 2013ರಲ್ಲಿ ಅನ್ನಭಾಗ್ಯ ಬಂದು ರೂಪಾಯಿಗೆ ಕೆಜಿ ಅಕ್ಕಿ ಕೊಟ್ಟಾಗ ಊರಲ್ಲೂ ಎರಡು ಹೊತ್ತು ಅನ್ನ ಬೇಯಲು ಶುರುವಾಯಿತು. ಅದರಿಂದಲೇ ಜನ ಸೋಮಾರಿಗಳಾದರು, ಮುದ್ದೆ ಮರೆತರು ಅಂತ ಗೊಣಗುವವರ ಜೊತೆ ನಾನಿಲ್ಲ. ಅನ್ನಕ್ಕಾಗಿ ಹಬ್ಬ ಯಾವಾಗ ಬರುತ್ತೆ ಅಂತ ಬೆರಳೆಣಿಸಿದ್ದವಳು ನಾನು. ಯಾವ ಮಗುವೂ ಹಾಗೆ ಎಣಿಸುವುದು ಬೇಡ.

ಈಗ ಗಾಳಿ ತಿರುಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಇಟ್ಟಿತು. ನಮ್ಮ ಸೊಸೆಯೇ ಮೊಬೈಲ್ ನೋಡಿಕೊಂಡು, ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಗೊತ್ತಾ ಅತ್ತೆ ಅಂತ ನನಗೆ ಪಾಠ ಮಾಡುತ್ತಾಳೆ. ಮಾಡಲಿ, ಖುಷಿಯೇ. ಆದರೆ ಏಳು ವರ್ಷದ ಹಿಂದೆ ನನಗೆ ಶುಗರ್ ಬಂದಾಗ, ಇನ್ನೇನು ಮೂರು ಹೊತ್ತೂ ಮುದ್ದೆ ತಿಂದರಾಯಿತು ಅಂತ ಹೋದವಳಿಗೆ ನಮ್ಮ ಡಾಕ್ಟರು ಹೇಳಿದ್ದೇ ಬೇರೆ. "ಮುದ್ದೆಯೂ ಅನ್ನದ ಥರ ಪಿಷ್ಟವೇ ಅಲ್ವಾ ತಾಯಿ? ಅರ್ಧ ಮುದ್ದೆ ತಿನ್ನಿ. ಸೊಪ್ಪು, ಕಾಳು ಎರಡರಷ್ಟು ತಿನ್ನಿ." ಅಂದರೆ ನಾನು ತಟ್ಟೆಯ ಕೆಳಗೆ ಬಚ್ಚಿಡುತ್ತಿದ್ದಿದ್ದನ್ನೇ ತಿನ್ನಬೇಕು!

ಸೊಪ್ಪು ಹುಡುಕಲು ಶುರು ಮಾಡಿದ್ದು ಆಗ. ನಮ್ಮ ಮಾರ್ಕೆಟ್ಟಿನಲ್ಲಿ ಯಾವಾಗಲೂ ಅದೇ ನಾಲ್ಕು: ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ. ಅಣ್ಣೆ ಸೊಪ್ಪು ಇದೆಯಾ ಅಂದರೆ ಸೊಪ್ಪಿನ ಗಾಡಿಯವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಸರಿ, ಊರಲ್ಲೇ ಕಿತ್ತು ತರೋಣ ಅಂತ ಹೋದ ವರ್ಷ ಸೆಪ್ಟೆಂಬರಿನಲ್ಲಿ ತಮ್ಮನ ಮನೆಗೆ ಹೋದೆ. ರಾಗಿ ಪೈರು ಹಸಿರಾಗಿ ಚೆನ್ನಾಗಿತ್ತು, ಬದು ಮಾತ್ರ ಉದ್ದಕ್ಕೂ ಹಳದಿ, ಸುಟ್ಟ ಹಾಗೆ. ಕಳೆ ಔಷಧಿ ಹೊಡೆದಿದ್ದ. ಅಕ್ಕಡಿ ಸಾಲೂ ಇಲ್ಲ, ಮಿಷನ್ನಿನಲ್ಲಿ ಕೊಯ್ಯುವಾಗ ಅಡ್ಡ ಬರುತ್ತಂತೆ. ಎರಡು ಮಾತು ಬೈದೆ. "ಅಕ್ಕ, ಕಳೆ ಕೀಳೋಕೆ ಹತ್ತು ಆಳು ನೀನೇ ಕರ್ಕೊಂಡ್ ಬಾ, ಔಷಧಿ ಮುಟ್ಟಲ್ಲ ನಾನು" ಅಂದ. ನನ್ನ ಬಾಯಿ ಮುಚ್ಚಿತು. ಊರಲ್ಲಿ ಆಳೆಲ್ಲಿದ್ದಾರೆ, ನಮ್ಮಂಥವರೆಲ್ಲ ಬೆಂಗಳೂರಿಗೆ ಬಂದು ಕೂತಿದ್ದೇವಲ್ಲ.

ಕೊನೆಗೆ ನನ್ನನ್ನು ಕರೆದುಕೊಂಡು ಹೋದವರು ಪಕ್ಕದ ಮನೆ ಚಿಕ್ಕವ್ವ. ಎಪ್ಪತ್ತೈದು ದಾಟಿದೆ, ಮೊಣಕಾಲು ನೋವು. ಕೆರೆ ಏರಿಯ ಹಿಂದೆ ಯಾರೂ ಉಳದೆ ಬಿಟ್ಟ ತುಂಡು ಹೊಲದಲ್ಲಿ ಒಂದು ಗಂಟೆ ಓಡಾಡಿ ಆರು ಥರದ ಸೊಪ್ಪು ಕಿತ್ತರು. ಜೊತೆಯಲ್ಲಿ ಬಂದಿದ್ದ ಅವರ ಮೊಮ್ಮಗಳು ಕೃಷಿ ಡಿಪ್ಲೊಮಾ ಓದುತ್ತಿದ್ದಾಳೆ. ಆ ಆರರಲ್ಲಿ ಅವಳಿಗೆ ಗೊತ್ತಿದ್ದಿದ್ದು ಒಂದೇ, ಗಣಿಕೆ. ಅದೂ ಚಿಕ್ಕವಳಿದ್ದಾಗ ಅದರ ಕಪ್ಪು ಹಣ್ಣು ತಿಂದಿದ್ದರಿಂದ. ನನ್ನನ್ನು ಕೇಳಿದ್ದರೆ ನನಗೂ ನಾಲ್ಕೇ ಗೊತ್ತಿದ್ದಿದ್ದು. ಆ ದಿನ ರಾತ್ರಿ ಉಪ್ಸಾರು ಮಾಡಿ, ಪಲ್ಯವನ್ನು ಎರಡು ಸಲ ಹಾಕಿಸಿಕೊಂಡೆ. ಅಣ್ಣೆ ಸೊಪ್ಪಿನ ರುಚಿ ಬದಲಾಗಿಲ್ಲ, ಸ್ವಲ್ಪ ಮಣ್ಣು ಮಣ್ಣು, ನುಣ್ಣಗೆ. ಇದನ್ನು ಯಾಕೆ ಬಚ್ಚಿಡುತ್ತಿದ್ದೆನೋ ಗೊತ್ತಿಲ್ಲ.

ಸಂಪಾದಕರೇ, ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಪುರವಣಿಯಲ್ಲಿ ಪಾಸ್ತಾಗೂ, ಕೇಕಿಗೂ ಅರ್ಧ ಪುಟ ಕೊಡುತ್ತೀರಿ. ಕೊಡಿ, ನಮ್ಮ ಮೊಮ್ಮಗು ಅದನ್ನೇ ಕತ್ತರಿಸಿಟ್ಟುಕೊಳ್ಳುತ್ತೆ. ಅದರ ಮೂಲೆಯಲ್ಲಿ ವಾರಕ್ಕೊಂದು ಸೊಪ್ಪಿನ ಕಲರ್ ಫೋಟೊ ಹಾಕಿ. ಎಲೆ ಹೇಗಿರುತ್ತೆ, ಹೂ ಹೇಗೆ, ಯಾವ ತಿಂಗಳಲ್ಲಿ, ಎಂಥ ನೆಲದಲ್ಲಿ ಸಿಗುತ್ತೆ, ಯಾವ ಕಾಳಿನ ಜೊತೆ ಹೊಂದುತ್ತೆ. ಹೆಸರು ಊರೂರಿಗೆ ಬೇರೆ, ಆದ್ದರಿಂದ ನಿಮ್ಮ ಕಡೆ ಇದಕ್ಕೇನಂತೀರಿ ಅಂತ ಓದುಗರನ್ನು ಕೇಳಿ, ಕಾಗದಗಳ ರಾಶಿ ಬೀಳುತ್ತೆ ನೋಡಿ. ಒಂದು ಎಚ್ಚರಿಕೆಯನ್ನೂ ಪ್ರತಿ ವಾರ ಹಾಕಬೇಕು: ಗೊತ್ತಿರುವ ಹಿರಿಯರಿಗೆ ತೋರಿಸದೆ ಬರೀ ಫೋಟೊ ನೋಡಿಕೊಂಡು ಕಿತ್ತು ತಿನ್ನಬೇಡಿ, ಚರಂಡಿ ಪಕ್ಕದ್ದು, ಔಷಧಿ ಹೊಡೆದ ಬದುವಿನದ್ದು ಬೇಡವೇ ಬೇಡ.

ಫೋಟೊಗಳನ್ನು ನಾನೇ ಕಳಿಸುತ್ತೇನೆ, ದುಡ್ಡೇನೂ ಬೇಡ. ಚಿಕ್ಕವ್ವನ ಹತ್ತಿರ ಕೂತು ಹೆಸರು ಬರೆದುಕೊಂಡಿದ್ದೇನೆ, ಇಲ್ಲಿಯವರೆಗೆ ಹದಿನೇಳಾಗಿದೆ. ಮೊದಲನೇ ವಾರ ಅಣ್ಣೆ ಸೊಪ್ಪೇ ಬರಲಿ, ಆದರೆ ಬೇಗ. ಗುಲಾಬಿ ಬಣ್ಣದ ತೆನೆ ಬಿಟ್ಟ ಮೇಲೆ ಸೊಪ್ಪು ಒರಟಾಗುತ್ತೆ, ಆಮೇಲೆ ಹಾಕಿದರೆ ಏನೂ ಪ್ರಯೋಜನ ಇಲ್ಲ.

ಇಂತಿ,
ನಾಗಮಂಗಲ ಸೀಮೆಯ ಹೆಣ್ಣುಮಗಳು
ಸದ್ಯ ಬೆಂಗಳೂರು