ದಕ್ಕೆಯ ಕತೆ ಬರೆದ ಹುಡುಗಿಗೆ

ಉಡುಪಿ

ಪ್ರೀತಿಯ ಮಗಳೇ,

ನಿನ್ನ ಮೂರೂ ಕತೆ ಓದಿದೆ. ನಿನ್ನ ಗೆಳೆಯರು ಮೂರನ್ನೂ ಸೇರಿಸಿ ಒಂದೇ ಸಿನಿಮಾ ಮಾಡುತ್ತಾರಂತೆ. ಸಂತೋಷ. ಆದರೆ ಅದರ ಕೆಳಗೇ ಇನ್ನೊಂದು ಮಾತು ಬರೆದಿದ್ದೀ: ಅವರಿಗೆ ಸುಲಭ ಆಗಲಿ ಅಂತ ದಕ್ಕೆಯ ಕತೆಯನ್ನು ಸಿನಿಮಾದ ಹಾಗೇ ತಿದ್ದಿದೆ ಅಂತ.

ಎಂತಕ್ಕೆ ಮಾರಾಯ್ತಿ? ಮೊದಲ ಪುಟ ಇಡೀ ಮೇಲಿನಿಂದ ಕಂಡ ಮಲ್ಪೆ ದಕ್ಕೆ, ಆ ಮೀನು ಬಂದರು. ಬೋಟುಗಳ ಸಾಲು, ಕಾಗೆಗಳು, ಐಸ್ ತುಂಬಿದ ಲಾರಿ, ಕೊನೆಗೆ ಬುಟ್ಟಿ ಹೊತ್ತ ಹೆಂಗಸು. ಅವಳ ಕುತ್ತಿಗೆ ನೋಯುತ್ತಿದೆಯೋ, ಬಂಗುಡೆಯ ನೀರು ಕಿವಿಯ ಹಿಂದೆ ಇಳಿಯುತ್ತಿದೆಯೋ, ಒಂದೂ ಗೊತ್ತಾಗುವುದಿಲ್ಲ. ಮೇಲೆ ಹಾರುವ ಡ್ರೋನ್ ನಿನ್ನ ಗೆಳೆಯರ ಹತ್ತಿರ ಉಂಟು. ಅವರ ಕೆಲಸ ಅವರು ಮಾಡಲಿ.

ನೀನು ಸತ್ಯಜಿತ್ ರಾಯ್ ಅವರ 'ತೀನ್ ಕನ್ಯಾ' ನೋಡು. ಟಾಗೋರರು ಹುಟ್ಟಿ ನೂರು ವರ್ಷವಾದಾಗ, 1961ರಲ್ಲಿ, ಅವರ ಮೂರು ಕತೆ ಆರಿಸಿ ಮಾಡಿದ್ದು: 'ಪೋಸ್ಟ್‌ಮಾಸ್ಟರ್', 'ಮಣಿಹಾರಾ', 'ಸಮಾಪ್ತಿ'. ನಮ್ಮ ಪುಟ್ಟಣ್ಣ ಕಣಗಾಲರ 'ಕಥಾಸಂಗಮ'ದಲ್ಲೂ ಮೂರು ಕತೆ ಉಂಟು, ಆದರೆ ಬರೆದವರು ಮೂರು ಜನ. 'ತೀನ್ ಕನ್ಯಾ'ದಲ್ಲಿ ಮೂರೂ ಒಬ್ಬರದ್ದೇ. ನಿನ್ನ ಹಾಗೆ. ಸಿನಿಮಾ ನೋಡುವ ಮೊದಲು ಕತೆಗಳನ್ನು ಓದು. ಅನುವಾದದಲ್ಲಾದರೂ ಅಡ್ಡಿಲ್ಲ.

'ಪೋಸ್ಟ್‌ಮಾಸ್ಟರ್' 1891ರ ಕತೆ. ಕಲ್ಕತ್ತೆಯ ಹುಡುಗನೊಬ್ಬ ಹಳ್ಳಿಯ ಅಂಚೆ ಕಚೇರಿಗೆ ಬರುತ್ತಾನೆ. ಮನೆಗೆಲಸಕ್ಕೆ ರತನ್ ಎಂಬ ಅನಾಥ ಹುಡುಗಿ. ಹೊತ್ತು ಹೋಗದೆ ಅವಳಿಗೆ ಅಕ್ಷರ ಕಲಿಸುತ್ತಾನೆ, ಒತ್ತಕ್ಷರದವರೆಗೂ. ಕಾಯಿಲೆ ಬಿದ್ದಾಗ ಅವಳೇ ನೋಡಿಕೊಳ್ಳುತ್ತಾಳೆ. ಅವನಿಗೆ ಆ ಊರು ಸಾಕಾಗುತ್ತದೆ. ವರ್ಗ ಸಿಗದೆ ಕೆಲಸವನ್ನೇ ಬಿಟ್ಟು ಹೊರಡುತ್ತಾನೆ. ನನ್ನನ್ನೂ ಕರಕೊಂಡು ಹೋಗ್ತೀರಾ ಅಂತ ರತನ್ ಕೇಳಿದರೆ, ಅದು ಹೇಗಾಗ್ತದೆ ಅಂತ ನಗುತ್ತಾನೆ. ದುಡ್ಡು ಕೊಡಲು ಬಂದರೆ ಅವಳು ಕಾಲಿಗೆ ಬಿದ್ದು, ಬೇಡ ಎಂದು ಓಡಿಹೋಗುತ್ತಾಳೆ.

ಆಮೇಲಿನದ್ದನ್ನು ನಿಧಾನಕ್ಕೆ ಓದು. ದೋಣಿ ಹೊರಟ ಮೇಲೆ ಅವನಿಗೆ ಒಮ್ಮೆ ಅನಿಸುತ್ತದೆ, ವಾಪಸ್ ಹೋಗಿ ಅವಳನ್ನು ಕರೆತರೋಣ ಅಂತ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿರುತ್ತದೆ, ಊರು ಹಿಂದೆ ಬಿದ್ದು ಹೊಳೆ ಬದಿಯ ಸುಡುಗಾಡು ಕಾಣುತ್ತದೆ. ಬದುಕಿನಲ್ಲಿ ಎಷ್ಟೋ ಅಗಲಿಕೆ, ಎಷ್ಟೋ ಸಾವು, ಯಾರಿಗೆ ಯಾರುಂಟು ಎಂದು ತನಗೆ ತಾನೇ ತತ್ವ ಹೇಳಿಕೊಂಡು ಮುಂದೆ ಹೋಗುತ್ತಾನೆ. ರತನ್‌ಗೆ ಅಂಥ ತತ್ವ ಯಾವುದೂ ಇಲ್ಲ. ಅವಳು ಅಳುತ್ತ ಅಂಚೆ ಕಚೇರಿಯ ಸುತ್ತ ತಿರುಗುತ್ತಿರುತ್ತಾಳೆ.

ಈಗ ನಿನ್ನ ಕತೆಯ ಕೊನೆಗೆ ಬಾ. ದಕ್ಕೆಯ ಹುಡುಗ ಬೊಂಬಾಯಿಯ ಹೋಟೆಲ್ ಕೆಲಸಕ್ಕೆಂದು ಬಸ್ಸು ಹತ್ತುತ್ತಾನೆ. ಬುಟ್ಟಿಯವಳು ನೋಡುತ್ತ ನಿಲ್ಲುತ್ತಾಳೆ. ಅಲ್ಲಿ ನೀನೇ ನಡುವೆ ಬಂದು, ಬದುಕು ಎಂದರೆ ಬಂದು ಹೋಗುವ ಅಲೆ ಎನ್ನುತ್ತೀ. ಟಾಗೋರರೂ ಹಾಗೇ ಹೇಳಿದ್ದಾರಲ್ಲ ಅಂತ ವಾದ ಮಾಡಬೇಡ. ಅವರು ಆ ಮಾತನ್ನು ಬಿಟ್ಟುಹೋಗುವವನ ತಲೆಯೊಳಗೆ ಇಟ್ಟಿದ್ದಾರೆ. ಅವನಿಗೆ ಆ ಗಳಿಗೆಯಲ್ಲಿ ಅದು ಎಷ್ಟು ಅನುಕೂಲದ ಮಾತು ನೋಡು! ಓದುವವರಿಗೆ ಸಮಾಧಾನ ಆಗುವುದಿಲ್ಲ, ಅವನ ಮೇಲೆ ಸಿಟ್ಟು ಬರುತ್ತದೆ. ನಿನ್ನ ಅಲೆಯ ಮಾತನ್ನು ಬಸ್ಸಿನಲ್ಲಿ ಕೂತ ಆ ಹುಡುಗನಿಗೇ ಕೊಟ್ಟು ನೋಡು. ಕೂರದಿದ್ದರೆ ಹೊಡೆದುಹಾಕು.

ಹೀಗೆ ಒಬ್ಬನ ತಲೆಯೊಳಗೆ ಕೂತು, ಅವನು ತನಗೇ ಹೇಳಿಕೊಳ್ಳುವ ಸುಳ್ಳು ಕೇಳಿಸುವುದು ಬರವಣಿಗೆಗೆ ಸಲೀಸು. ಕ್ಯಾಮೆರಾಕ್ಕೆ ಕಷ್ಟ. ರಾಯ್ ಆ ತಂಟೆಗೇ ಹೋಗಲಿಲ್ಲ. ಸಿನಿಮಾದಲ್ಲಿ ಪೋಸ್ಟ್‌ಮಾಸ್ಟರ್ ದಾರಿಯಲ್ಲಿ ನಿಂತಿದ್ದಾನೆ, ಅವಳಿಗೆಂದು ತೆಗೆದ ನಾಣ್ಯ ಕೈಯಲ್ಲಿ. ರತನ್ ನೀರಿನ ಬಕೆಟ್ ಹಿಡಿದು ಬರುತ್ತಾಳೆ. ನಿಲ್ಲುವುದಿಲ್ಲ, ಮಾತಾಡುವುದಿಲ್ಲ, ದಾಟಿ ಹೋಗುತ್ತಾಳೆ. ಆಮೇಲೆ ಅವಳ ದನಿ ಮಾತ್ರ ಕೇಳುತ್ತದೆ, ಹೊಸ ಬಾಬುವಿಗೆ ನೀರು ತಂದಿದ್ದೇನೆ ಅಂತ. ಇವನ ನಾಣ್ಯ ಜೇಬಿಗೆ ವಾಪಸ್.

ನನ್ನನ್ನು ಕೇಳಿದರೆ, ರಾಯ್ ಅವರ ರತನ್ ಜಾಸ್ತಿ ಗಟ್ಟಿ. ಪೋಸ್ಟ್‌ಮಾಸ್ಟರ್ ಮಾತ್ರ ಟಾಗೋರರದ್ದೇ ಆಳ. ಆ ದೋಣಿಯ ಯೋಚನೆಗೆ ಸಮನಾದದ್ದು ಬೇಕು ಅಂತಲೇ ರಾಯ್ ಬಕೆಟ್‌ವರೆಗೆ ಹೋಗಿರಬೇಕು. ಟಾಗೋರರೇ ಸುಮ್ನೆ ದೃಶ್ಯ ಜೋಡಿಸಿ ಕೊಟ್ಟಿದ್ದರೆ ಅವರಿಗೆ ಹುಡುಕಲು ಏನಿರುತ್ತಿತ್ತು?

'ಮಣಿಹಾರಾ' ದೆವ್ವದ ಕತೆ. ಹೊಳೆಗಿಳಿಯುವ ಮೆಟ್ಟಿಲಲ್ಲಿ ಕೂತು ಮೇಷ್ಟ್ರೊಬ್ಬರು ಫಣಿಭೂಷಣ ಎಂಬವನ, ಅವನ ಹೆಂಡತಿಯ ಕತೆಯನ್ನು ಅಪರಿಚಿತನಿಗೆ ಹೇಳುತ್ತಾರೆ. ಕೊನೆಗೆ ಕೇಳಿದವನು, ಆ ಫಣಿಭೂಷಣ ನಾನೇ ಎನ್ನುತ್ತಾನೆ. ಟಾಗೋರರಲ್ಲಿ ಅವನು ಹೇಳುವ ಹೆಂಡತಿಯ ಹೆಸರೇ ಬೇರೆ. ಹಾಗಾದರೆ ಮೇಷ್ಟ್ರು ಹೇಳಿದ್ದೆಲ್ಲ ಎಂತ? ಸಿನಿಮಾದಲ್ಲಿ ಅವನು ಮಾಯವಾಗುತ್ತಾನೆ. ನನಗೆ ಟಾಗೋರರ ತುಂಟತನವೇ ಇಷ್ಟ. ಹೊರದೇಶಗಳಲ್ಲಿ ಈ ಭಾಗ ಬಿಟ್ಟು ಬರೀ ಎರಡು ಕತೆ ತೋರಿಸಿದ್ದೂ ಉಂಟು. ಹಾಗಾಗಿ ನಿನ್ನ ಮೂರರಲ್ಲಿ ಒಂದಕ್ಕೆ ಕತ್ತರಿ ಬಿದ್ದರೆ ಅಳುತ್ತ ಫೋನ್ ಮಾಡಬೇಡ.

'ಸಮಾಪ್ತಿ' ಬಗ್ಗೆ ಹೇಳುವುದಿಲ್ಲ. ಅಪರ್ಣಾ ಸೇನ್ ಅವರ ಮೊದಲ ಸಿನಿಮಾ ಅದು. ನೋಡಿ ಖುಷಿಪಡು.

ಇನ್ನು ಸಣ್ಣ ಸಂಗತಿಗಳು. ನಿನ್ನ ಕತೆಯಲ್ಲಿ ಜುಲೈ ತಿಂಗಳು ಟ್ರಾಲ್ ಬೋಟು ಕಡಲಿಗೆ ಹೋಗುತ್ತದೆ. ಮಂಗಳೂರಿನವಳಾಗಿ ಹೀಗೆ ಬರೆಯುವುದಾ? ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಇಳಿಯುವ ಹಾಗಿಲ್ಲ. ಒಂದೋ ಹುಡುಗನನ್ನು ನಾಡದೋಣಿಗೆ ಹಾಕು, ಇಲ್ಲವಾದರೆ ಕತೆಯನ್ನು ಸೆಪ್ಟೆಂಬರ್‌ಗೆ ತಾ. ನಾನಾದರೆ ಜುಲೈಯನ್ನೇ ಇಟ್ಟುಕೊಳ್ಳುತ್ತೇನೆ. ಬೋಟು ಕಟ್ಟಿಹಾಕಿದ ತಿಂಗಳಲ್ಲಿ ಕೈಯಲ್ಲಿ ಕಾಸಿರುವುದಿಲ್ಲ, ಹುಡುಗ ಬೊಂಬಾಯಿಗೆ ಹೊರಡಲು ಅದೇ ಕಾರಣ ಸಾಕು.

ಗೆಳೆಯರೇ ಆದರೂ ದುಡ್ಡಿನ ಮಾತು, ಟೈಟಲ್‌ನಲ್ಲಿ ನಿನ್ನ ಹೆಸರಿನ ಮಾತು ಎರಡನ್ನೂ ಕಾಗದದಲ್ಲಿ ಬರೆಸಿಕೋ. ಚಿತ್ರಕತೆ ಅವರೇ ಬರೆಯಲಿ. ಶೂಟಿಂಗ್ ನೋಡಲು ಹೋಗಬೇಡ, ಹೋದರೆ ಬಾಯಿ ಮುಚ್ಚಿ ಕೂತುಕೋ.

ದಕ್ಕೆಯ ಕತೆಯ ಹಳೇ ಪ್ರತಿ, ತಿದ್ದುವ ಮುಂಚಿನದ್ದು, ಈ ವಾರವೇ ಕಳಿಸು. ಅಳಿಸಿ ಹಾಕಿಲ್ಲ ತಾನೇ?

ನಿನ್ನ
ಮಾಷ್ಟ್ರು