ಎಡಗಡೆ ಕಿಟಕಿ ಕೇಳು

ಚಿ. ಸೌ. ಸುಮಾಳಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಅಮ್ಮನನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗಿ, ಗೈಡ್ ಜೊತೆಗಿರುವ ರೈಲು ಪ್ರವಾಸ ಮಾಡಿಸುತ್ತೇನೆ ಅಂದಿದ್ದೀಯ. ಕೇಳಿ ಖುಷಿಯಾಯಿತು. ಕಾರು ಬಾಡಿಗೆಗೆ ಹಿಡಿಯುವ ಯೋಚನೆ ಬಿಟ್ಟಿದ್ದು ಇನ್ನೂ ಒಳ್ಳೆಯದಾಯಿತು. ಇಕ್ಕಟ್ಟಿನ ರಸ್ತೆ, ಓಡಿಸುವವಳು ನೀನೊಬ್ಬಳೇ. ಕಣ್ಣು ರಸ್ತೆ ಮೇಲಿದ್ದರೆ ಬೆಟ್ಟ ನೋಡುವುದು ಯಾವಾಗ?

ನೀನು ಕಳಿಸಿದ ಮೂರು ಕಂಪನಿಗಳ ಪಟ್ಟಿ ಓದಿದೆ. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲು ಇರುವ ಮೊದಲನೆಯದನ್ನು ಬಿಟ್ಟುಬಿಡು. ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟುವ ಕೆಲಸ ನಿಮ್ಮಮ್ಮನ ಮೇಲೇ ಬೀಳುತ್ತದೆ, ಅವಳು ಸುಮ್ನೆ ಕೂರುವವಳಲ್ಲ. ಫೋರ್ಟ್ ವಿಲಿಯಂ ಅನ್ನುವ ಊರಿನ ಕಡೆ ಒಂದೇ ಹೋಟೆಲಿನಲ್ಲಿ ಮೂರು ನಾಲ್ಕು ರಾತ್ರಿ ಉಳಿಸಿ, ಅಲ್ಲಿಂದ ಓಡಾಡಿಸುವವರನ್ನು ಹಿಡಿ. ಹೋಟೆಲಿನಲ್ಲಿ ಲಿಫ್ಟ್ ಇದೆಯಾ ಅಂತ ಕೇಳು. ಹಳೆ ಕಟ್ಟಡಗಳು ಜಾಸ್ತಿ, ಅಪ್ಪನ ಮಂಡಿಗೆ ಮೆಟ್ಟಿಲು ಆಗಿಬರುವುದಿಲ್ಲ.

ಎಲ್ಲ ಕಂಪನಿಯವರೂ ಮುಖಪುಟದಲ್ಲಿ ಹಾಕುವುದು ಆ ಉಗಿಬಂಡಿಯ ಫೋಟೋವನ್ನೇ. ಫೋರ್ಟ್ ವಿಲಿಯಂನಿಂದ ಮಾಲೇಗ್‌ಗೆ ಹೋಗುವ ಜಾಕೊಬೈಟ್ ಅದು. ಹ್ಯಾರಿ ಪಾಟರ್ ಸಿನಿಮಾದಿಂದ ಹೆಸರಾಗಿ, ಬೇಸಿಗೆಯಲ್ಲಿ ಸೀಟು ಸಿಗುವುದೇ ಕಷ್ಟ. ಸೀಟು ಕಾದಿರಿಸಿದ್ದಾರೋ, 'ಸಾಧ್ಯವಾದರೆ' ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೋ ನೋಡಿಕೊ. ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಮಾಮೂಲಿ ರೈಲೂ ಅದೇ ಹಳಿಯ ಮೇಲೆ, ಅದೇ ಗ್ಲೆನ್‌ಫಿನ್ನನ್ ಸೇತುವೆ ದಾಟಿಯೇ ಹೋಗುತ್ತದೆ. 1901ರಲ್ಲಿ ಶುರುವಾದ ದಾರಿ. ಸೇತುವೆಗೆ 21 ಕಮಾನು, ಒಳಗೆ ಕಬ್ಬಿಣದ ಸರಳು ಇಲ್ಲದ ಬರೀ ಕಾಂಕ್ರೀಟು. ಕಟ್ಟಿಸಿದ ಮ್ಯಾಕ್‌ಆಲ್ಪೈನ್‌ಗೆ 'ಕಾಂಕ್ರೀಟ್ ಬಾಬ್' ಅಂತಲೇ ಅಡ್ಡಹೆಸರು. ಮಾಲೇಗ್‌ಗೆ ಹೋಗುವಾಗ ಎಡಗಡೆ ಕಿಟಕಿ ಕೇಳು. ಸೇತುವೆ ಬಿಲ್ಲಿನಂತೆ ಬಾಗಿರುವುದರಿಂದ ಕೂತಲ್ಲಿಂದಲೇ ಮುಂದಿನ ಬೋಗಿಗಳು ಕಮಾನುಗಳ ಮೇಲೆ ಹೋಗುವುದು ಕಾಣುತ್ತದೆ.

ಆದರೆ ನನ್ನ ಕೇಳಿದರೆ, ಇಡೀ ಪ್ರವಾಸದ ಸಾರ ಇರುವುದು ಅದಕ್ಕೂ ಮೊದಲು, ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ಬರುವ ದಾರಿಯಲ್ಲಿ. ಕೆಲವು ಕಂಪನಿಯವರು ಈ ಭಾಗವನ್ನು ಬಸ್ಸಿನಲ್ಲಿ ಮುಗಿಸಿಬಿಡುತ್ತಾರೆ. ಅಂಥವರಿಗೆ ದುಡ್ಡು ಕೊಡಬೇಡ. ಮೊದಲು ಬಲಗಡೆ ಲೋಮಂಡ್ ಸರೋವರ ಬರುತ್ತದೆ. ಕ್ರಿಯಾನ್‌ಲಾರಿಕ್‌ನಲ್ಲಿ ಗಾಡಿಯನ್ನು ಬಿಡಿಸಿ ಎರಡು ಮಾಡುತ್ತಾರೆ, ಒಂದು ಓಬನ್‌ಗೆ, ಇನ್ನೊಂದು ಫೋರ್ಟ್ ವಿಲಿಯಂ ಮೂಲಕ ಮಾಲೇಗ್‌ಗೆ. ಕಾಲಾಡಿಸಲು ಇಳಿದ ಅಪ್ಪ ಯಾವುದೋ ಬೋಗಿ ಹತ್ತದಂತೆ ನೋಡಿಕೊ.

ಅಲ್ಲಿಂದ ಮುಂದೆ ರಾನಕ್ ಮೂರ್ ಅನ್ನುವ ಜೌಗು ಬಯಲು. ಕಣ್ಣು ಹಾಯಿಸಿದಷ್ಟೂ ಕಂದು ಹುಲ್ಲು, ಕಪ್ಪು ನೀರಿನ ಹೊಂಡ, ಬಂಡೆ. 'ಏನೂ ಇಲ್ವಲ್ಲ' ಅಂತ ಜನ ತಿಂಡಿ ಡಬ್ಬಿ ಬಿಚ್ಚುವುದು ಇಲ್ಲೇ. ನೀನು ಹಾಗೆ ಮಾಡಬೇಡ. ನಾನು ಜೀವಮಾನವೆಲ್ಲ ಹಳಿ ಕಾಯ್ದವನು. ಸಕಲೇಶಪುರದ ಘಾಟಿನಲ್ಲಿ ನಮ್ಮ ಕಷ್ಟ ಬಂಡೆಯದು, ಮಳೆಗೆ ಜಾರುವ ಗುಡ್ಡದ್ದು. ಅವರದು ತಳವೇ ಸಿಗದ ಜೌಗು. ಮರದ ಬೇರು, ಪೊದೆಯ ಸೊಪ್ಪುಸದೆ, ಮಣ್ಣು, ಬೂದಿ ರಾಶಿ ರಾಶಿ ಸುರಿದು, ಅದರ ಮೇಲೆ ಹಳಿಯನ್ನು ತೇಲಿಬಿಟ್ಟಿದ್ದಾರೆ. 1894ರಿಂದ ಗಾಡಿ ಓಡುತ್ತಿದೆ! ದುಡ್ಡು ಸಾಲದೆ ಕೆಲಸ ನಿಲ್ಲುವ ಹೊತ್ತಿಗೆ ರೈಲು ಕಂಪನಿಯ ರೆಂಟನ್ ಅನ್ನುವ ನಿರ್ದೇಶಕರು ಸ್ವಂತ ಹಣ ಹಾಕಿದರಂತೆ. ಕೂಲಿಯವರು ಒಂದು ಬಂಡೆಯಲ್ಲಿ ಅವರ ಮುಖ ಕೆತ್ತಿ ರಾನಕ್ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಇಟ್ಟಿದ್ದಾರೆ. ಒರಟು ಕೆತ್ತನೆ, ಹಣೆ ಮೂಗು ಮಾತ್ರ ನೆಟ್ಟಗೆ ಗೊತ್ತಾಗುತ್ತದೆ. ಯಜಮಾನರಿಗೆ ಕೆಲಸದವರೇ ಮಾಡಿದ ವಿಗ್ರಹ ನಮ್ಮ ಇಲಾಖೆಯಲ್ಲಂತೂ ನಾನು ಕಂಡಿಲ್ಲ, ಬಿಡು.

ಮುಂದಿನ ನಿಲ್ದಾಣ ಕೊರಾವರ್, 408 ಮೀಟರ್ ಎತ್ತರ. ಸಕಲೇಶಪುರ ಇದರ ಎರಡರಷ್ಟು ಎತ್ತರದಲ್ಲಿದೆ ಅಂತ ಅಪ್ಪ ನಗಬಹುದು. ಇಳಿದು ನೋಡಲಿ, ಮೇ ತಿಂಗಳಲ್ಲೂ ಕಿವಿ ಮರಗಟ್ಟುವಂಥ ಗಾಳಿ. ಸಾರ್ವಜನಿಕ ರಸ್ತೆ ಆ ಸ್ಟೇಷನ್ನಿಗೆ ಬರುವುದೇ ಇಲ್ಲ.

ಕೊರಾವರ್ ದಾಟಿದ ಮೇಲೆ ಎಡಗಡೆ ಕೆಳಗೆ ಟ್ರೀಗ್ ಸರೋವರ. ಅಪ್ಪನನ್ನು ಆ ಕಿಟಕಿಯಲ್ಲಿ ಕೂರಿಸು. ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಬೇಕು ಅಂತ 1930ರ ಸುಮಾರಿಗೆ ಅಣೆಕಟ್ಟು ಕಟ್ಟಿ ನೀರು ಏರಿಸಿದರು. ರೈಲು ಹಳಿಯನ್ನು ಎತ್ತರಕ್ಕೆ ಸರಿಸಿ ಉಳಿಸಿಕೊಂಡರು. ದಡದಲ್ಲಿದ್ದ ಸಣ್ಣ ಊರುಗಳು ಮುಳುಗಿದವು. ಲಿಂಗನಮಕ್ಕಿ ಅಣೆಕಟ್ಟಿಗೆ ತೋಟ ಮನೆ ಬಿಟ್ಟುಕೊಟ್ಟು ಬಂದ ಮನೆಯವರು ನಿಮ್ಮಪ್ಪ. ಗೈಡ್ ಇದನ್ನು ಹೇಳಿದರೆ ಕನ್ನಡದಲ್ಲಿ ಹೇಳು. ಹೇಳದಿದ್ದರೆ ನೀನೇ ಹೇಳು. ಆಮೇಲೆ ಅವರು ಮಾತಾಡಿದರೆ ಕೇಳಿಸಿಕೊ, ಸುಮ್ಮನಿದ್ದರೆ ಬಿಡು. ಫೋಟೋಗೆ ಕರೆಯಬೇಡ.

ಮೇ ತಿಂಗಳಲ್ಲೇ ಹೊರಡಿ. ಜೂನ್ ಬಂತೆಂದರೆ ನೊರಜಿನಂಥ ಮಿಡ್ಜ್ ಹುಳುಗಳ ಕಾಟ. ಗಾಳಿ ನಿಂತ ಸಂಜೆ ಮುಖಕ್ಕೆ ಮುತ್ತಿಕೊಂಡು ಕಚ್ಚುತ್ತವೆ. ಮಳೆ ಯಾವ ತಿಂಗಳಲ್ಲೂ ತಪ್ಪಿದ್ದಲ್ಲ. ಕೊಡೆ ಗಾಳಿಗೆ ತಿರುಗಿಕೊಳ್ಳುತ್ತದೆ, ಟೋಪಿ ಇರುವ ಕೋಟು ತಗೋ.

ಊಟಕ್ಕೆ ಅಮ್ಮ ಹೆದರುವುದು ಬೇಡ. ಹ್ಯಾಗಿಸ್ ಅಂದರೆ ಕುರಿಯ ಹೃದಯ, ಯಕೃತ್ತು ಎಲ್ಲ ಹಾಕಿದ್ದು, ಆದರೆ ಓಟ್ಸ್, ಬೇಳೆಕಾಳಿನ ಸಸ್ಯಾಹಾರಿ ಹ್ಯಾಗಿಸ್ಸೂ ಮಾಡುತ್ತಾರೆ. ಮೆಣಸು ಸ್ವಲ್ಪ ಮುಂದಾಗಿ ರುಚಿಯಾಗಿಯೇ ಇರುತ್ತದೆ. ಸೂಪ್ ಮಾತ್ರ ಮಾಂಸದ ನೀರಿನದೋ ಅಂತ ಪ್ರತಿ ಸಲ ಕೇಳು. ಚಟ್ನಿಪುಡಿ ಕಟ್ಟಿಕೊಡಲಿ. ಪೇಡ ಬೇಡ, ಇಲ್ಲಿಂದ ಹಾಲಿನ ತಿನಿಸು ಒಯ್ಯಲು ಅಲ್ಲಿ ಬಿಡುವುದಿಲ್ಲ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.

ವೀಸಾ ಕೈಗೆ ಬರುವ ಮೊದಲು ಪೂರ್ತಿ ಹಣ ಕಟ್ಟಬೇಡ. ರದ್ದಾದರೆ ಎಷ್ಟು ವಾಪಸ್ಸು ಅಂತ ಬರೆಸಿಕೊ. ಕಂಪನಿ ಗೊತ್ತಾದ ಮೇಲೆ ದಿನದಿನದ ವಿವರ ನನಗೆ ವಾಟ್ಸಾಪ್ ಮಾಡು. ಯಾವ ದಿನ ಯಾವ ಕಡೆ ಕೂರಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.

ಇಂತಿ,
ನಿನ್ನ ಮಾವ