ಬಿಚ್ಚುವುದು ಮನೆಯಲ್ಲಿ, ಸ್ಪ್ರಿಂಗ್ ಕೆಲಸ ಗ್ಯಾರೇಜಿನಲ್ಲಿ

ಮಾನ್ಯ ಸಂಪಾದಕರೇ,

ರಜೆಯ ದಿನ ದಾವಣಗೆರೆಯ ಬಡಾವಣೆಗಳಲ್ಲಿ ಮನೆ ಮುಂದೆ ಕಾರನ್ನು ಜಾಕ್ ಮೇಲೆತ್ತಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತಾ ತಾವೇ ರಿಪೇರಿಗೆ ಇಳಿಯುವವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಹಂಪ್ ದಾಟಿದ ಮೇಲೂ ಕಾರಿನ ಹಿಂಭಾಗ ಕುಣಿಯುತ್ತಿದ್ದರೆ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಇಲ್ಲವೇ ಸ್ಟ್ರಟ್‌ನ (ಸ್ಪ್ರಿಂಗ್ ಸಮೇತವಾದ ಶಾಕ್ ಅಬ್ಸಾರ್ಬರ್) ಮೈಯಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಅದನ್ನು ಬದಲಿಸಲೇಬೇಕು. ಮಾಲೀಕರೇ ಆ ಕೆಲಸ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ಯಾವ ಭಾಗ ಮನೆಯದು, ಯಾವುದು ಗ್ಯಾರೇಜಿನದು ಎಂಬುದನ್ನು ಮೊದಲೇ ತಿಳಿದಿರಬೇಕು.

ಸ್ವಿಫ್ಟ್‌ನಂಥ ಕಾರುಗಳಲ್ಲಿ ಹಿಂದಿನ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಎಕ್ಸಲ್‌ಗೆ ಜಾಕ್ ಆಸರೆ ಕೊಟ್ಟು, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಹೋದರೆ ಸ್ಪ್ರಿಂಗ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಹ್ಯುಂಡೈ ಆಕ್ಸೆಂಟ್‌ನಂಥ ಹಳೆಯ ಕಾರುಗಳ ಮಾತು ಬೇರೆ. ಅವುಗಳಲ್ಲಿ ಸ್ಪ್ರಿಂಗ್ ಸ್ಟ್ರಟ್‌ನ ಸುತ್ತಲೇ ಅದುಮಿ ಕುಳಿತಿರುತ್ತದೆ. ಮೇಲ್ಭಾಗದಲ್ಲಿ ಕಾರಿನ ಮೈಗೆ ಹಿಡಿದಿರುವ ಅಂಚಿನ ನಟ್ಟುಗಳನ್ನಷ್ಟೇ ಬಿಚ್ಚಿ ಸ್ಟ್ರಟ್ ಅನ್ನು ಇಡಿಯಾಗಿ ಕೆಳಗಿಳಿಸಬೇಕು. ನಡುವಿನ ದಪ್ಪ ನಟ್ಟಿಗೆ ಪಾನಾ ಹಾಕಲೇಬಾರದು. ಜನ ತುಂಬಿದ ಕಾರಿನ ಒಂದು ಮೂಲೆಯ ಭಾರ ಹೊರುವ ಸ್ಪ್ರಿಂಗನ್ನು ತಡೆದಿರುವುದು ಆ ಒಂದೇ ನಟ್ಟು. ಅದು ಸಡಿಲಾದರೆ ಮೇಲಿನ ಮೌಂಟ್ ಮುಖಕ್ಕೇ ಹಾರಬಹುದು. ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು ಸ್ಪ್ರಿಂಗ್ ಅದುಮುವ ಸಾಧನ ಅಗ್ಗವಾಗಿಯೇನೋ ಸಿಗುತ್ತದೆ. ಆದರೆ ಕೊಕ್ಕೆಯ ಹಿಡಿತ ಜಾರುತ್ತಿದೆಯೇ, ಒಂದು ಬದಿ ವಾಲುತ್ತಿದೆಯೇ ಎಂಬುದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಹಾಗಾಗಿ ಸ್ಪ್ರಿಂಗ್ ಬಿಡಿಸಿ ಕೂರಿಸುವಷ್ಟನ್ನು ಗ್ಯಾರೇಜಿಗೇ ಬಿಡಬೇಕು.

ಉಳಿದುದರಲ್ಲಿ ಎಚ್ಚರ ತಪ್ಪುವುದು ಸಣ್ಣ ವಿಷಯಗಳಲ್ಲಿ. ನಮ್ಮ ಕಡೆಯ ಎರೆಮಣ್ಣಿನ ಅಂಗಳದಲ್ಲಿ, ಅದರಲ್ಲೂ ಮಳೆ ಬಿದ್ದ ಮೇಲೆ, ಜಾಕ್ ಸ್ಟ್ಯಾಂಡಿನ ಕಾಲು ಹೂತು ಕಾರು ವಾಲುತ್ತದೆ. ಕಾಂಕ್ರೀಟ್ ನೆಲವಿದ್ದರೆ ಮಾತ್ರ ಕೆಲಸಕ್ಕೆ ಇಳಿಯುವುದು ಲೇಸು. ಸ್ಟ್ಯಾಂಡ್ ಇಲ್ಲದೆ, ಕಾರಿನ ಜೊತೆ ಬಂದ ಜಾಕ್ ಒಂದನ್ನೇ ನಂಬಿ ಅಡಿಗೆ ತಲೆ ಹಾಕುವವರಿಗೆ ಏನು ಹೇಳಬೇಕೋ ತಿಳಿಯದು. ಬ್ರೇಕ್ ಪೈಪನ್ನು ಸ್ಟ್ರಟ್‌ನಿಂದ ಮೊದಲೇ ಬಿಡಿಸಿಕೊಳ್ಳಬೇಕು. ಕೆಳಗಿನ ರಬ್ಬರ್ ಬುಷ್‌ನ ಬೋಲ್ಟನ್ನು, ಕಾರಿನ ಭಾರ ಚಕ್ರಗಳ ಮೇಲೆ ಕುಳಿತ ಬಳಿಕವೇ ಪೂರ್ತಿ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎರಡೂ ಬದಿಯದನ್ನು ಜೊತೆಯಾಗಿಯೇ ಬದಲಿಸಿ, ಸ್ಟ್ರಟ್ ಇರುವ ಕಾರಾದರೆ ಹೆದ್ದಾರಿ 48ಕ್ಕೆ ಏರುವ ಮುನ್ನ ಚಕ್ರಗಳ ಅಲೈನ್‌ಮೆಂಟ್ ನೋಡಿಸಬೇಕು.

ಇಷ್ಟಾದರೂ ತೊಡಕು ಉಳಿಯುವುದು ಇನ್ನೊಂದು ಕಡೆ. ಬಿಚ್ಚಿ ತಂದ ಸ್ಟ್ರಟ್‌ನ ಸ್ಪ್ರಿಂಗನ್ನು ಹೊಸ ಸ್ಟ್ರಟ್‌ಗೆ ಕೂರಿಸಿಕೊಡಿ ಎಂದರೆ, ಕಾರನ್ನೇ ತನ್ನಿ, ಸಾಮಾನೂ ನಮ್ಮದೇ ಇರಲಿ ಎಂದು ವಾಪಸು ಕಳಿಸುವ ಗ್ಯಾರೇಜುಗಳಿವೆ. ಗ್ರಾಹಕ ತಂದ ಸಾಮಾನಿಗೆ ತಾವು ಜವಾಬ್ದಾರರಾಗಬೇಕೇಕೆ ಎಂಬ ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಹೀಗೆ ತಿರುಗಿ ಬಂದವರು ಸ್ಪ್ರಿಂಗ್ ಅದುಮುವ ಆ ಅಗ್ಗದ ಸಾಧನ ಕೊಂಡು ಮನೆಯಲ್ಲೇ ಪ್ರಯೋಗಕ್ಕಿಳಿಯುತ್ತಾರೆ. ಸಾಮಾನಿನ ಗ್ಯಾರಂಟಿ ತಮ್ಮದಲ್ಲವೆಂದು ಚೀಟಿಯಲ್ಲಿ ಬರೆದುಕೊಟ್ಟು, ಸ್ಪ್ರಿಂಗ್ ಜೋಡಣೆಗಷ್ಟೇ ಮಜೂರಿ ಪಡೆಯುವ ಏರ್ಪಾಡನ್ನು ನಗರದ ಗ್ಯಾರೇಜುಗಳು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ಓದುಗ, ದಾವಣಗೆರೆ